ಪಾಸ್ ಕೊಟ್ಟವನ ಹೆಸರು ಎಲ್ಲಿ ಬರೆಯೋದು?

ಹಾಸನದ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಸಂಜೆ ಹೊತ್ತು ಹುಡುಗರಿಗೆ ಹಾಕಿ ಹೇಳಿಕೊಡುತ್ತೇನೆ. ಇಲ್ಲಿ ಬರೆಯುತ್ತಿರುವುದು ನನ್ನ ತಂಡದ ಒಬ್ಬ ಹುಡುಗನ ಪ್ರಕರಣ. ಆಲೂರು ಕಡೆಯವನು, ಆಗ ಒಂಬತ್ತನೇ ತರಗತಿ. ಹೆಸರು ಬೇಡ, ಇನ್ನೂ ಚಿಕ್ಕವನು. ಅವನ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳಲು ದಾರಿ ತೋರಿಸಿದ್ದು ನಾನು ಯಾವತ್ತೂ ಮೈದಾನದಲ್ಲಿ ನಿಂತು ನೋಡದ ಒಂದು ಆಟ, ಐಸ್ ಹಾಕಿ. ಅದರಲ್ಲೂ ಜೋ ಥಾರ್ನ್‌ಟನ್ ಎಂಬ ಕೆನಡಾದ ಸೆಂಟರ್ ಆಟಗಾರನ ಬದುಕು. ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳಬೇಕು.

ಹುಡುಗ ಸೆಂಟರ್ ಹಾಫ್, ಅಂದರೆ ಮೈದಾನದ ನಡುವೆ ಆಡುವವನು. ನಮ್ಮದು ಮಣ್ಣಿನ ಮೈದಾನ. ಚೆಂಡು ನೇರವಾಗಿ ಬರುವುದೇ ಅಪರೂಪ, ಸಣ್ಣ ಕಲ್ಲು ತಗುಲಿದರೂ ಮೊಣಕಾಲಿನವರೆಗೆ ಹಾರುತ್ತದೆ. ಬೇರೆ ಹುಡುಗರು ಚೆಂಡು ಬಂದ ತಕ್ಷಣ ಬಾರಿಸಿ ಕೈತೊಳೆದುಕೊಳ್ಳುತ್ತಾರೆ. ಇವನು ಹಾಗಲ್ಲ. ಚೆಂಡು ಬರುವ ಮೊದಲೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ತಿರುಗಿಸಿ ನೋಡಿರುತ್ತಾನೆ. ಚೆಂಡನ್ನು ಸ್ಟಿಕ್‌ನಲ್ಲಿ ಮಲಗಿಸಿ, ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾನೆ. ಆಮೇಲೆ ಮೆಲ್ಲಗೆ ತಳ್ಳುತ್ತಾನೆ. ಫಾರ್ವರ್ಡ್ ನಿಂತಿರುವ ಜಾಗಕ್ಕಲ್ಲ, ಅವನು ಇನ್ನೆರಡು ಹೆಜ್ಜೆಯಲ್ಲಿ ತಲುಪುವ ಜಾಗಕ್ಕೆ. ಇದನ್ನು ನಾನು ಕಲಿಸಿದ್ದಲ್ಲ. ಬರುವಾಗಲೇ ತಂದಿದ್ದ.

ಆ ವರ್ಷದ ಸೆಲೆಕ್ಷನ್‌ನಲ್ಲಿ ಅವನನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಹಿಂದೆ ಕೂತವರ ಹಾಳೆಯಲ್ಲಿ ಹೆಸರು, ಹುಟ್ಟಿದ ದಿನಾಂಕ, ಶಾಲೆ, ಆಡುವ ಜಾಗ, ಗೋಲು ಅಂತ ಕಾಲಂಗಳಿದ್ದವು. ಇವನ ಹೆಸರಿನ ಮುಂದೆ ಗೋಲು ಸೊನ್ನೆ. ಇವನ ಪಾಸ್‌ಗಳಿಂದಲೇ ಗೋಲು ಹೊಡೆದಿದ್ದ ನಮ್ಮ ಸ್ಟ್ರೈಕರ್ ಆಯ್ಕೆಯಾದ. ಅವನ ಬಗ್ಗೆ ನನಗೆ ಬೇಸರವಿಲ್ಲ, ಒಳ್ಳೆಯ ಹುಡುಗ. ಆದರೆ ಇನ್ನೊಬ್ಬ ಏನು ಮಾಡಿದ ಅಂತ ಹೇಳುವ ಒಂದೇ ಒಂದು ಗೆರೆ ಆ ಹಾಳೆಯಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ಅವನ ಅಪ್ಪ ಶಾಲೆಗೆ ಬಂದರು. ಆಲೂಗೆಡ್ಡೆ, ಜೋಳ ಬೆಳೆಯುವವರು. ಕೂರಿ ಅಂದರೂ ಕೂರಲಿಲ್ಲ.

‘ಮೇಷ್ಟ್ರೇ, ನಮ್ಮ ಹುಡ್ಗ ಒಂದು ಗೋಲೂ ಹೊಡ್ದಿಲ್ವಂತೆ. ಮತ್ಯಾಕೆ ದಿನಾ ಸಂಜೆ ಹೊತ್ತು ಮಾಡ್ಕಂಡು ಬರದು?’

ಅವನು ಗೋಲು ಹೊಡೆಸುತ್ತಾನೆ ಅಂತ ವಿವರಿಸೋಕೆ ಹೋದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದ್ದು ಇಷ್ಟು: ‘ಜಲಂಧರ್ ಬೀಜ ಯಾರು ತಂದುಕೊಟ್ರು ಅಂತ ಮಂಡೀಲಿ ಯಾರೂ ಕೇಳಲ್ಲ ಮೇಷ್ಟ್ರೇ. ಗೆಡ್ಡೆ ಎಷ್ಟು ಚೀಲ ಬಂತು ಅಂತಾರೆ.’

ಹಾಸನದ ರೈತರಿಗೆ ಬಿತ್ತನೆ ಆಲೂಗೆಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಬೀಜ ಕೆಟ್ಟರೆ ಇಡೀ ಹೊಲವೇ ಹೋಯಿತು ಅನ್ನುವುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಗೊತ್ತಿದ್ದೇ ಹಾಗೆ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ತಪ್ಪು ಮಾಡಿದ್ದು ಆಗ. ಮರುದಿನ ಹುಡುಗನನ್ನು ಕರೆದು, ‘ಇನ್ಮೇಲೆ ಡಿ ಒಳಗೆ ನುಗ್ಗು, ನೀನೇ ಹೊಡಿ ಕಣೋ’ ಅಂದೆ. (ಡಿ ಅಂದರೆ ಗೋಲಿನ ಮುಂದಿನ ಅರ್ಧವೃತ್ತ.)

ಒಂದು ತಿಂಗಳು ಅವನು ನನ್ನ ಮಾತು ಕೇಳಿದ. ಎರಡು ಗೋಲು ಬಂದವು. ಆದರೆ ತಂಡ ಹಾಳಾಯಿತು. ಅವನು ಚೆಂಡು ಹಿಡಿದು ಮೂವರ ಮಧ್ಯೆ ನುಗ್ಗುತ್ತಿದ್ದ, ಅಲ್ಲಿ ಕಳೆದುಕೊಳ್ಳುತ್ತಿದ್ದ. ಎರಡು ವಾರದಲ್ಲಿ ನಮ್ಮ ಫಾರ್ವರ್ಡ್‌ಗಳು ಓಡುವುದನ್ನೇ ನಿಲ್ಲಿಸಿದರು. ಚೆಂಡು ಬರಲ್ಲ ಅಂತ ಗೊತ್ತಾದ ಮೇಲೆ ಯಾರು ಸುಮ್ನೆ ಓಡುತ್ತಾರೆ? ಸಲೀಸಾಗಿ ಗೆಲ್ಲುತ್ತಿದ್ದ ಪಂದ್ಯಗಳನ್ನು ಸೋತೆವು. ಹುಡುಗ ಮಾತು ಕಡಿಮೆ ಮಾಡಿದ. ಒಂದು ಸಂಜೆ ನಲ್ಲಿ ಹತ್ತಿರ ಕಾಲು ತೊಳೆಯುತ್ತಿದ್ದವನು ತಲೆ ಎತ್ತದೆ ಹೇಳಿದ:

‘ಸಾ, ಬಾಲ್ ಬಂದಾಗ ನಂಗೆ ಮೊದ್ಲು ಅವ್ನು ಎಲ್ಲವ್ನೆ ಅಂತ ಕಾಣ್ತದೆ. ಗೋಲ್ ಆಮೇಲೆ ಕಾಣ್ತದೆ. ಏನ್ಮಾಡ್ಲಿ?’

ಇಪ್ಪತ್ತಕ್ಕೂ ಹೆಚ್ಚು ವರ್ಷ ಮೈದಾನದಲ್ಲಿ ಕಳೆದಿದ್ದೇನೆ. ಪಾಸ್ ಕೊಡುವವನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಅಂತ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಕಣ್ಣನ್ನು ಕುರುಡು ಮಾಡಲು ಹೊರಟಿದ್ದವನು ನಾನೇ.

ಆ ವಾರವೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಟೊರಾಂಟೊದಿಂದ ಫೋನ್ ಮಾಡಿದ್ದ. ಹಬ್ಬಕ್ಕೆ ಮಾಡುತ್ತಿರುತ್ತಾನೆ. ಮಾತಿಗೆ ಮಾತು ಬಂದು ಹುಡುಗನ ವಿಷಯ ಹೇಳಿದೆ. ‘ಸಾರ್, ಇಲ್ಲಿ ಹಾಕಿ ಅಂದ್ರೆ ಐಸ್ ಹಾಕಿನೇ. ಇಲ್ಲಿ ಪಾಸ್ ಕೊಟ್ಟೋನಿಗೂ ಗೋಲ್ ಹೊಡೆದೋನಷ್ಟೇ ಪಾಯಿಂಟ್’ ಅಂದ. ಆಮೇಲೆ ಥಾರ್ನ್‌ಟನ್ ಆಟದ ಕೆಲವು ವಿಡಿಯೊ ಕಳಿಸಿದ. ಅಂದು ರಾತ್ರಿ ತುಂಬಾ ಹೊತ್ತು ನೋಡಿದೆ.

ಐಸ್ ಹಾಕಿಯ ಲೆಕ್ಕ

ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ಕಡೆ 6 ಜನ. ಇಬ್ಬರು ಡಿಫೆನ್ಸ್, ಮೂವರು ಮುಂದೆ. ಆ ಮೂವರಲ್ಲಿ ನಡುವಿನವನು ಸೆಂಟರ್, ಆಚೀಚೆ ವಿಂಗರ್‌ಗಳು. ಗೋಲಾದಾಗ ಹೊಡೆದವನಿಗೆ ಒಂದು ಪಾಯಿಂಟ್. ಅವನಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕೊಟ್ಟವನಿಗೆ ಒಂದು. ಅದಕ್ಕೂ ಮೊದಲು ಕೊಟ್ಟವನಿಗೂ ಒಂದು, ನಡುವೆ ಪಕ್ ಎದುರಾಳಿಯ ವಶಕ್ಕೆ ಹೋಗಿರಬಾರದು ಅಷ್ಟೇ. ಈ ಎರಡೂ ಪಾಸ್‌ಗೆ ಅಸಿಸ್ಟ್ ಅನ್ನುತ್ತಾರೆ. ವರ್ಷದ ಕೊನೆಗೆ ಗೋಲು, ಅಸಿಸ್ಟ್ ಎರಡನ್ನೂ ಒಂದೇ ತೂಕದಲ್ಲಿ ಕೂಡಿಸುತ್ತಾರೆ. ಅತಿ ಹೆಚ್ಚು ಪಾಯಿಂಟ್ ಗಳಿಸಿದವನಿಗೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆರ್ಟ್ ರಾಸ್ ಟ್ರೋಫಿ.

ಈ ಲೆಕ್ಕದಿಂದ ಏನಾಗುತ್ತದೆ ನೋಡಿ. ವೇಯ್ನ್ ಗ್ರೆಟ್ಸ್‌ಕಿ 894 ಗೋಲು ಹೊಡೆದ. ಆದರೆ ಅವನ ಅಸಿಸ್ಟ್ 1963. ಒಂದೂ ಗೋಲು ಹೊಡೆಯದೇ ಇದ್ದಿದ್ದರೂ ಲೀಗ್‌ನ ಇತಿಹಾಸದಲ್ಲಿ ಅತಿ ಹೆಚ್ಚು ಪಾಯಿಂಟ್ ಅವನದೇ ಆಗುತ್ತಿತ್ತು. ಆಡಂ ಓಟ್ಸ್ ಅನ್ನೋ ಇನ್ನೊಬ್ಬ ಸೆಂಟರ್ 1990-91ರಲ್ಲಿ ಆಡಿದ್ದು ಬರೀ 61 ಪಂದ್ಯ, ಕೊಟ್ಟ ಅಸಿಸ್ಟ್ 90. ಅದೇ ವರ್ಷ ಅವನ ಪಕ್ಕದಲ್ಲಿ ಆಡಿದ ಬ್ರೆಟ್ ಹಲ್ 86 ಗೋಲು ಹೊಡೆದ. ಹೊಡೆದವನ ಹೆಸರು ಎಲ್ಲರಿಗೂ ಗೊತ್ತು. ಕೊಟ್ಟವನ ಹೆಸರೂ ಉಳಿದಿದೆ, ಯಾಕೆಂದರೆ ಯಾರೋ ಬರೆದಿಟ್ಟಿದ್ದರು.

2005ರ ನವೆಂಬರ್ 30

ಥಾರ್ನ್‌ಟನ್ ಹುಟ್ಟಿದ್ದು 1979ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ಊರಿನಲ್ಲಿ. ಆರಡಿ ನಾಲ್ಕಿಂಚು ಎತ್ತರ. 1997ರಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ ಅವನನ್ನು ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆರಿಸಿತು. (ನಮ್ಮ ಪಕ್ಕದ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದದ್ದೂ 1997ರಲ್ಲೇ. ಹುಡುಗರಿಗೆ ವರ್ಷ ನೆನಪಿರಲಿ ಅಂತ ಇದನ್ನು ಸೇರಿಸಿ ಹೇಳುತ್ತೇನೆ.) ಮೊದಲ ವರ್ಷ 55 ಪಂದ್ಯ ಆಡಿದ. 3 ಗೋಲು, 4 ಅಸಿಸ್ಟ್. ಅಷ್ಟೇ. ಮೊದಲ ಆಯ್ಕೆಯ ಹುಡುಗನಿಗೆ 7 ಪಾಯಿಂಟ್ ಅಂದರೆ ಜನ ಏನೇನು ಅಂದಿರಬಹುದು? 2002-03ರ ಹೊತ್ತಿಗೆ ಅವನೇ ನಾಯಕ, 36 ಗೋಲು, 65 ಅಸಿಸ್ಟ್.

ಆಮೇಲೆ 2004ರ ಪ್ಲೇಆಫ್, ಅಂದರೆ ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಸುತ್ತು. ಮಾಂಟ್ರಿಯಲ್ ವಿರುದ್ಧದ ಸರಣಿಯಲ್ಲಿ ಬಾಸ್ಟನ್ ಮೂರು ಪಂದ್ಯ ಗೆದ್ದು 3-1ರಿಂದ ಮುಂದಿದ್ದೂ ಸೋತಿತು. ಏಳು ಪಂದ್ಯದಲ್ಲಿ ಥಾರ್ನ್‌ಟನ್‌ಗೆ ಒಂದೂ ಪಾಯಿಂಟ್ ಇಲ್ಲ. ಪಕ್ಕೆಲುಬಿಗೆ ಪೆಟ್ಟಾಗಿದ್ದರೂ ಆಡಿದ್ದ. ಆದರೂ ದೊಡ್ಡ ಪಂದ್ಯದಲ್ಲಿ ಕೈ ಕೊಡುತ್ತಾನೆ ಎಂಬ ಮಾತು ಅಂಟಿಕೊಂಡಿತು. ಮುಂದಿನ ವರ್ಷ ಲೀಗ್ ಬಂದ್ ಆಗಿತ್ತು, ಸ್ವಿಟ್ಜರ್ಲೆಂಡ್‌ನ ದಾವೋಸ್ ತಂಡಕ್ಕೆ ಆಡಿ ಅಲ್ಲಿನ ಚಾಂಪಿಯನ್ ಪಟ್ಟ ಗೆದ್ದ. 2005ರ ಆಗಸ್ಟ್‌ನಲ್ಲಿ ಬಾಸ್ಟನ್ ಜೊತೆ ಮೂರು ವರ್ಷಕ್ಕೆ 2 ಕೋಟಿ ಡಾಲರ್‌ನ ಹೊಸ ಒಪ್ಪಂದವಾಯಿತು.

ಸೀಸನ್ ಶುರುವಾದಾಗ ತಂಡ ಸೋಲುತ್ತಾ ಹೋಯಿತು. ಥಾರ್ನ್‌ಟನ್ ಮಾತ್ರ 23 ಪಂದ್ಯದಲ್ಲಿ 9 ಗೋಲು, 24 ಅಸಿಸ್ಟ್ ಗಳಿಸಿದ್ದ. ತಂಡದಲ್ಲಿ ಅವನದೇ ಜಾಸ್ತಿ. ಅಂಥವನನ್ನು ನವೆಂಬರ್ 30ರಂದು ಸ್ಯಾನ್ ಹೋಸೆ ಶಾರ್ಕ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದವರು ಮಾರ್ಕೊ ಸ್ಟರ್ಮ್, ಬ್ರಾಡ್ ಸ್ಟುವರ್ಟ್, ವೇಯ್ನ್ ಪ್ರೈಮೊ. ಒಬ್ಬನಿಗೆ ಮೂವರು. ಲೆಕ್ಕದಲ್ಲಿ ಲಾಭ ಅನ್ನಿಸುತ್ತದೆ ಅಲ್ವಾ?

ಶಾರ್ಕ್ಸ್ ಆಗ ಸತತ ಹತ್ತು ಪಂದ್ಯ ಸೋತು ಕೂತಿತ್ತು. ಥಾರ್ನ್‌ಟನ್ ಬಂದ ಮೊದಲ ಪಂದ್ಯದಲ್ಲೇ ಬಫಲೊ ವಿರುದ್ಧ 5-0ಯಿಂದ ಗೆದ್ದಿತು. ಅಲ್ಲಿ ಜೊನಾಥನ್ ಚೀಚೂ ಅನ್ನೋ ವಿಂಗರ್ ಇದ್ದ. ಒಂಟಾರಿಯೊದ ಮೂಸ್ ಫ್ಯಾಕ್ಟರಿ ಎಂಬ ಊರಿನ, ಕ್ರೀ ಮೂಲನಿವಾಸಿ ಜನರ ಹುಡುಗ. ಥಾರ್ನ್‌ಟನ್ ಬರುವ ಮೊದಲು ಅವನ ಗೋಲು 7. ಬಂದ ಮೇಲೆ 49. ಒಟ್ಟು 56. ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಅವನದೇ.

ಥಾರ್ನ್‌ಟನ್ ಆ ಸೀಸನ್ ಮುಗಿಸಿದ್ದು 29 ಗೋಲು, 96 ಅಸಿಸ್ಟ್, ಒಟ್ಟು 125 ಪಾಯಿಂಟ್‌ಗೆ. ನ್ಯೂಯಾರ್ಕ್ ರೇಂಜರ್ಸ್‌ನ ಯಾರೊಮಿರ್ ಯಾಗರ್ 123ರಲ್ಲಿ ನಿಂತ. ಗೋಲಿನಲ್ಲೂ ಯಾಗರ್ 54ಕ್ಕೆ ನಿಂತ, ಚೀಚೂಗಿಂತ ಎರಡೇ ಕಡಿಮೆ. ಕೊಡುವವನೂ ಹೊಡೆಯುವವನೂ ಸೇರಿ ಒಬ್ಬ ಮಹಾ ಆಟಗಾರನನ್ನು ಎರಡೂ ಪಟ್ಟಿಯಲ್ಲಿ ಎರಡೆರಡರಿಂದ ಹಿಂದೆ ಹಾಕಿದರು. ಈ ಅಂಕಿ ನೋಡಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಲೀಗ್‌ನ ಅತ್ಯಂತ ಬೆಲೆಯುಳ್ಳ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಥಾರ್ನ್‌ಟನ್‌ಗೇ ಬಂತು. ಒಂದೇ ಸೀಸನ್‌ನಲ್ಲಿ ಎರಡು ತಂಡಕ್ಕೆ ಆಡಿ ಆ ಟ್ರೋಫಿ ಪಡೆದವನು ಆತನೊಬ್ಬನೇ.

ಹೇಗೆ ಸಾಧ್ಯವಾಯಿತು? ವಿಡಿಯೊದಲ್ಲಿ ನಾನು ಹುಡುಕಿದ್ದು ಅದನ್ನೇ. ಮೊದಲನೆಯದು, ಅವನ ಮೈಯೇ ಗೋಡೆ. ಪಕ್ ಒಂದು ಕಡೆ, ಎದುರಾಳಿ ಇನ್ನೊಂದು ಕಡೆ, ನಡುವೆ ಅವನ ಬೆನ್ನು. ಗೋಲಿನ ಹಿಂದೆ, ಮೂಲೆಯಲ್ಲಿ, ಪಕ್ಕದ ಹಲಗೆಗೆ ಒರಗಿದ ಹಾಗೆ ನಿಂತು ಕಾಯುತ್ತಾನೆ. ಆ ಕಾಯುವುದರಲ್ಲೇ ಎಲ್ಲ ಇದೆ. ಇಬ್ಬರು ಡಿಫೆಂಡರ್‌ಗಳು ಅವನ ಕಡೆ ಎಳೆದುಕೊಂಡು ಬರುತ್ತಾರೆ. ಆಗ ಗೋಲಿನ ಮುಂದೆ ಒಂದು ಜಾಗ ಖಾಲಿಯಾಗುತ್ತದೆ. ಅಲ್ಲಿಗೆ ಸ್ಟಿಕ್‌ನ ಹಿಂಬದಿಯಿಂದಲೂ ಪಕ್ ಜಾರಿಸುತ್ತಾನೆ. ಚೀಚೂ ವೇಗದ ಓಟಗಾರ ಅಲ್ಲ, ಆದರೆ ಪಕ್ ಮುಟ್ಟಿದ ಕ್ಷಣವೇ ಹೊಡೆಯುತ್ತಿದ್ದ. ಖಾಲಿ ಜಾಗ ಕಂಡುಹಿಡಿದು ಸ್ಟಿಕ್ ನೆಲಕ್ಕಿಟ್ಟು ನಿಂತರೆ ಸಾಕಿತ್ತು. ಆ ವರ್ಷ ಲೀಗ್‌ನ ನಿಯಮಗಳೂ ಬದಲಾಗಿದ್ದವು. ಸ್ಟಿಕ್ ಸಿಕ್ಕಿಸಿ, ಜರ್ಸಿ ಹಿಡಿದು ಎಳೆಯುವುದಕ್ಕೆ ಕಟ್ಟುನಿಟ್ಟಾಗಿ ಪೆನಾಲ್ಟಿ ಕೊಡತೊಡಗಿದ್ದರು, ಉದ್ದನೆಯ ಪಾಸ್‌ಗಿದ್ದ ತಡೆಯನ್ನೂ ತೆಗೆದಿದ್ದರು. ಪಾಸ್ ಆಟಗಾರನಿಗೆ ಗಾಳಿ ಅನುಕೂಲವಾಗಿಯೇ ಬೀಸಿತ್ತು. ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧ ಸುಳ್ಳಾಗುತ್ತದೆ.

ಇನ್ನೂ ಕೆಲವು ಮಾತು ಹೇಳಲೇಬೇಕು, ಅವು ನನಗೆ ಅಷ್ಟು ಇಷ್ಟವಾಗದಿದ್ದರೂ. ಚೀಚೂ ಮುಂದಿನ ವರ್ಷಗಳಲ್ಲಿ 37, 23, 12 ಗೋಲಿಗೆ ಇಳಿದ. ಥಾರ್ನ್‌ಟನ್ ಅದೇ ತಂಡದಲ್ಲಿದ್ದ. ಗಾಯಗಳು ಚೀಚೂವನ್ನು ಬಿಡಲಿಲ್ಲ. ಅಂದರೆ ಕೊಡುವವನು ಎಷ್ಟೇ ದೊಡ್ಡವನಾದರೂ ಪಡೆಯುವವನ ಮೈ ಗಟ್ಟಿ ಇರಬೇಕು. ಬಾಸ್ಟನ್‌ನ ವಿಷಯ ಇನ್ನೂ ಬೇರೆ. ಆ ಸೀಸನ್ ಅದು ಪ್ಲೇಆಫ್ ತಲುಪಲಿಲ್ಲ, ಜನರಲ್ ಮ್ಯಾನೇಜರ್ ಮೈಕ್ ಓ’ಕಾನೆಲ್ ಕೆಲಸ ಕಳೆದುಕೊಂಡರು. ಆದರೆ 2006ರ ಬೇಸಿಗೆಯಲ್ಲಿ ಅದೇ ಬಾಸ್ಟನ್ ಡಿಫೆಂಡರ್ ಜ್ಡೆನೊ ಚಾರಾನನ್ನೂ, ಪಾಸ್ ಕೊಡುವುದರಲ್ಲೇ ಹೆಸರಾದ ಸೆಂಟರ್ ಮಾರ್ಕ್ ಸವಾರ್ಡ್‌ನನ್ನೂ ತಂದಿತು. 2011ರಲ್ಲಿ ಲೀಗ್‌ನ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಥಾರ್ನ್‌ಟನ್‌ಗೆ ಆ ಕಪ್ ಕೊನೆಗೂ ಸಿಗಲಿಲ್ಲ. 2016ರಲ್ಲಿ ಫೈನಲ್ ತಲುಪಿ ಪಿಟ್ಸ್‌ಬರ್ಗ್ ಎದುರು ಸೋತ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಚಿನ್ನ ಇತ್ತು, ಕಪ್ ಇರಲಿಲ್ಲ. 2017ರಲ್ಲಿ ಎಡ ಮೊಣಕಾಲಿನ ಎರಡು ಲಿಗಮೆಂಟ್ ಹರಿದಿದ್ದರೂ ಪ್ಲೇಆಫ್ ಆಡಿದ. 41 ದಾಟಿದ ಮೇಲೂ ಟೊರಾಂಟೊಗೆ, ಆಮೇಲೆ ಫ್ಲೋರಿಡಾಕ್ಕೆ ಆಡಿದ, ಆ ಕಪ್‌ಗಾಗಿಯೇ. ಕೊನೆಗೆ 1714 ಪಂದ್ಯ, 430 ಗೋಲು, 1109 ಅಸಿಸ್ಟ್. 2025ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಜೊತೆಗೆ ಸೇರಿದವರಲ್ಲಿ ಅದೇ ಚಾರಾ ಇದ್ದ.

ನಾವು ಮಾಡಿದ್ದು

ಒಂದು ಮಳೆ ಸಂಜೆ ಮೈದಾನ ಕೆಸರಾಗಿತ್ತು. ಹುಡುಗರನ್ನೆಲ್ಲ ಜಗಲಿಯಲ್ಲಿ ಕೂರಿಸಿ ವಿಡಿಯೊ ತೋರಿಸಿದೆ. ಮೊದಲು ಅವರಿಗೆ ಪಕ್ ಎಲ್ಲಿದೆ ಅಂತಲೇ ಕಾಣಲಿಲ್ಲ. ‘ಪಕ್ ನೋಡಬೇಡಿ, ಪಾಸ್ ಕೊಡೋನ ತಲೆ ನೋಡಿ’ ಅಂದೆ. ನಮ್ಮ ಹುಡುಗ ಬೇಗ ಹಿಡಿದ. ‘ಸಾ, ಅವ್ನು ಇಸ್ಕೊಳೋಕ್ ಮುಂಚೆನೇ ನೋಡ್ಬಿಟ್ಟವ್ನೆ’ ಅಂದ. ತಿಂಗಳಿಂದ ಸಪ್ಪಗಿದ್ದ ಮುಖದಲ್ಲಿ ನಗು ಬಂತು. ಎಲ್ಲರ ಮುಂದೆ ನಾನು ಅವನಿಗೆ ಹೇಳಿದೆ: ನಾನು ಹೇಳಿಕೊಟ್ಟಿದ್ದು ತಪ್ಪು, ನೀನು ನಿನ್ನ ಆಟ ಆಡು.

ಮರುದಿನ ಪಂದ್ಯದ ನೋಟ್‌ಬುಕ್‌ನಲ್ಲಿ ಹೊಸ ಗೆರೆ ಎಳೆದೆ. ಗೋಲು, ಪಾಸ್, ಪಾಸಿಗೆ ಮುಂಚಿನ ಪಾಸ್. ಮೂರು ಕಾಲಂ. ಬರೆಯುವ ಕೆಲಸ ಗಾಯವಾಗಿ ಹೊರಗೆ ಕೂತವನದು. ನೋಟ್‌ಬುಕ್ ಮುಚ್ಚಿಡುವುದಿಲ್ಲ, ಪಂದ್ಯ ಮುಗಿದ ಮೇಲೆ ಎಲ್ಲರೂ ನೋಡಬಹುದು.

ಅಭ್ಯಾಸವನ್ನೂ ಬದಲಾಯಿಸಿದೆ. ಜಾಸ್ತಿ ಕೆಲಸ ಅವನಿಗಲ್ಲ, ಫಾರ್ವರ್ಡ್‌ಗಳಿಗೆ ಕೊಟ್ಟೆ. ಚೆಂಡು ಅವನ ಹತ್ತಿರ ಬಂದ ತಕ್ಷಣ ಇಬ್ಬರು ಬೇರೆ ಬೇರೆ ದಿಕ್ಕಿಗೆ ಓಡಬೇಕು, ಸ್ಟಿಕ್ ನೆಲಕ್ಕೆ ತಾಗಿರಬೇಕು. ಚೆಂಡು ಬರದಿದ್ದರೂ ಮತ್ತೆ ಓಡಬೇಕು. ಮಣ್ಣಿನ ನೆಲದಲ್ಲಿ ಐದಕ್ಕೆ ಎರಡು ಪಾಸ್ ಹಾಳಾಗುತ್ತವೆ, ಅದಕ್ಕೆ ಅವನನ್ನು ಬೈಯುವಂತಿಲ್ಲ.

ಅವನಿಗೂ ಒಂದು ಷರತ್ತು ಇಟ್ಟೆ. ಒಂದು ಪಂದ್ಯದಲ್ಲಿ ಎರಡು ಸಲವಾದರೂ ನೀನೇ ಹೊಡೆಯಬೇಕು. ಗೋಲಾಗದಿದ್ದರೂ ಪರವಾಗಿಲ್ಲ. 96 ಅಸಿಸ್ಟ್ ಕೊಟ್ಟ ವರ್ಷ ಥಾರ್ನ್‌ಟನ್ 29 ಗೋಲನ್ನೂ ಹೊಡೆದಿದ್ದ. ಇವನು ಹೊಡೆಯುವುದೇ ಇಲ್ಲ ಅಂತ ಡಿಫೆಂಡರ್‌ಗೆ ಖಾತ್ರಿಯಾದರೆ ಅವನು ಚೆಂಡು ಬಿಟ್ಟು ಪಾಸ್ ಹೋಗುವ ದಾರಿಯಲ್ಲೇ ನಿಲ್ಲುತ್ತಾನೆ. ಮೊದಲು ನಾನು ಹೇಳಿದ್ದ ‘ನೀನೇ ಹೊಡಿ’ಗೂ ಇದಕ್ಕೂ ವ್ಯತ್ಯಾಸವಿದೆ. ಆಗ ಪಾಸ್ ಬಿಟ್ಟು ಹೊಡಿ ಅಂದಿದ್ದೆ. ಈಗ ಪಾಸ್ ಉಳಿಯಲಿ ಅಂತ ಹೊಡಿ ಅಂದೆ.

ಅಷ್ಟರಲ್ಲಿ ನಮ್ಮ ಸ್ಟ್ರೈಕರ್ ಜಿಲ್ಲಾ ತಂಡದ ಜೊತೆ ಮೈಸೂರು ವಿಭಾಗದ ಪಂದ್ಯಕ್ಕೆ ಹೋಗಿ ಬಂದಿದ್ದ. ಒಂದೂ ಗೋಲು ಬರಲಿಲ್ಲ. ಬಸ್ ಇಳಿದವನೇ ಬೇಸರದಿಂದ ಹೇಳಿದ, ‘ಅಲ್ಲಿ ಬಾಲೇ ಬರ್ಲಿಲ್ಲ ಸಾ.’ ಅವನು ಕೆಟ್ಟದಾಗಿ ಆಡಿರಲಿಲ್ಲ. ಆಯ್ಕೆ ಮಾಡಿದವರು ಒಂದು ಜೋಡಿಯಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಂಡು ಹೋಗಿದ್ದರು.

ಮುಂದಿನ ವರ್ಷದ ಸೆಲೆಕ್ಷನ್‌ಗೆ ನೋಟ್‌ಬುಕ್ ತೆಗೆದುಕೊಂಡು ಹೋದೆ. ಮೇಜಿನ ಹಿಂದಿದ್ದವರು ಬೇರೆಯವರು. ‘ಇದೇನ್ರೀ ಮೂರು ಕಾಲಂ?’ ಅಂದರು. ಎರಡು ನಿಮಿಷ ವಿವರಿಸಿದೆ. ಓದಿದರೋ ಇಲ್ಲವೋ, ಆಮೇಲೆ ಹುಡುಗನ ಆಟವನ್ನು ಮಾತ್ರ ಕೂತು ನೋಡಿದರು. ನನಗೆ ಬೇಕಿದ್ದದ್ದೂ ಅದೇ. ಅವನು ತಂಡಕ್ಕೆ ಸೇರಿದ, ಮೊದಲ ಹನ್ನೊಂದರಲ್ಲಲ್ಲ, ಬದಲಿ ಆಟಗಾರನಾಗಿ. ವಿಭಾಗದಲ್ಲಿ ಕೊಡಗಿನ ಹುಡುಗರ ಎದುರು ಕೊನೆಯ ಸ್ವಲ್ಪ ಹೊತ್ತು ಇಳಿಸಿದರು. ಹುಟ್ಟಿದಾಗಿನಿಂದ ಕೈಯಲ್ಲಿ ಸ್ಟಿಕ್ ಹಿಡಿದಂಥ ಹುಡುಗರು ಅವರು. ನಾವು ಸೋತೆವು. ನಮ್ಮ ಸ್ಟ್ರೈಕರ್ ಒಂದು ಗೋಲು ಹೊಡೆದ. ಎರಡನೇ ಕಾಲಂನಲ್ಲಿ ಯಾರ ಹೆಸರು ಬರೆದೆ ಅಂತ ಹೇಳಬೇಕಾಗಿಲ್ಲ.

ಅವನ ಅಪ್ಪನಿಗೆ ಆ ಪುಟ ತೋರಿಸಿದೆ. ಬೆರಳಿಟ್ಟು ಮಗನ ಹೆಸರನ್ನು ಒಂದೊಂದೇ ಸಾಲಿನಲ್ಲಿ ಹುಡುಕಿದರು. ಹೊಗಳಲಿಲ್ಲ. ‘ಈ ಸಲ ಬೀಜ ಕೆಟ್ಟದ್ದು ಬಂದೈತೆ ಮೇಷ್ಟ್ರೇ, ಅಂಗಮಾರಿ ಬೇರೆ’ ಅಂತ ಬೆಳೆಯ ಮಾತು ತೆಗೆದರು. ಆದರೆ ಆಮೇಲೆ ಹುಡುಗ ಒಂದು ಸಂಜೆಯೂ ತಪ್ಪಿಸಿಲ್ಲ.

ನೋಟ್‌ಬುಕ್‌ನಿಂದ ಒಂದು ಹೊಸ ತಲೆನೋವೂ ಹುಟ್ಟಿದೆ. ಮೂರನೇ ಕಾಲಂ ಯಾರದು ಅಂತ ಹುಡುಗರು ಜಗಳವಾಡುತ್ತಾರೆ. ‘ನಾನ್ ಮುಟ್ಟಿದ್ದೆ ಸಾ’, ‘ಇಲ್ಲ ಸಾ, ಅವ್ರ ಹುಡ್ಗನ ಸ್ಟಿಕ್‌ಗೆ ತಾಗ್ತು.’ ಮೊದಲು ಯಾರಿಗೂ ಬೇಡವಾಗಿದ್ದ ಪಾಸಿಗೆ ಈಗ ಇಷ್ಟು ಬೇಡಿಕೆ. ಕಳೆದ ಶನಿವಾರದ ಪಂದ್ಯದಲ್ಲಿ ಒಂದು ಗೋಲಿಗೆ, ಹೊರಗೆ ಕೂತು ಬರೆಯುತ್ತಿದ್ದವನು ಅಭ್ಯಾಸಬಲದಿಂದ ಇವನ ಹೆಸರನ್ನೇ ಹಾಕಿದ್ದ. ಪಂದ್ಯ ಮುಗಿದ ಮೇಲೆ ಇವನು ಬಂದು ಪುಟ ನೋಡಿದ.

‘ಸಾ, ಇದು ನಂದಲ್ಲ. ನಮ್ಮ ಲೆಫ್ಟ್ ಬ್ಯಾಕ್ ಕೊಟ್ಟಿದ್ದು. ನಾನು ಸುಮ್ನೆ ಬಿಟ್ಟೆ, ಬಾಲ್ ನನ್ನ ಕಾಲ ಸಂದೀಲಿ ಹೋಯ್ತು.’

ಪೆನ್ ಅವನ ಕೈಗೇ ಕೊಟ್ಟೆ. ತನ್ನ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ಲೆಫ್ಟ್ ಬ್ಯಾಕ್‌ನ ಹೆಸರು ಬರೆದ.